ಬಟನ್ ಒತ್ತುವ ಮುನ್ನ

ಸ್ಟ್ರೋಕ್ ಆದಮೇಲೆ ನನ್ನ ತಂಗಿಯ ಮಾತು ಯಾರಿಗೂ ತಿಳಿಯದಂತಾಯಿತು. ನಾಲಿಗೆ ಹೊರಳದು, ಬಲಗೈ ಏಳದು. ತಲೆ ಮಾತ್ರ ಕಾನ್ವೆಂಟಿನಲ್ಲಿ ಓದುತ್ತಿದ್ದಾಗಿನಷ್ಟೇ ಶಾರ್ಪ್. ಚಿನ್ನದ ಗಣಿಯ ಊರು ಕೋರಮಂಡಲ್‌ನ ನಮ್ಮ ಎರಡು ಕೋಣೆಯ ಮನೆಗೆ ಯಾರೇ ಬಂದರೂ ಅವಳ ಪರವಾಗಿ ನಾನೇ ಉತ್ತರ ಹೇಳಬೇಕು. ಹೇಳಿ ಹೇಳಿ ಸುಸ್ತಾಯಿತು. ಅವಳೇ ಎಡಗೈಯಲ್ಲಿ ಟೈಪ್ ಮಾಡಲಿ, ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಲಿ ಎಂದು ಒಂದು ವೆಬ್ ಪೇಜ್ ಮಾಡಲು ಹೊರಟೆ.

ಬಂಗಾರಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಪಕ್ಕದ ಮನೆಯಾಕೆಯನ್ನು ತಂಗಿಯ ಬಳಿ ಕೂರಿಸಿ, ವಾರಕ್ಕೆರಡು ಸಲ ಟ್ರೇನಿನಲ್ಲಿ ಹೋಗಿ, ಮಂಡಿ ಹಿಡಿದುಕೊಂಡು ಅವಳ ಕ್ಲಾಸಿನ ಮೆಟ್ಟಿಲು ಹತ್ತಿ ಕಲಿತೆ.

ಪೇಜಿನಲ್ಲಿ ದೊಡ್ಡದೊಂದು ಬಾಕ್ಸ್, ಕೆಳಗೆ ಕೆಂಪು ಬಟನ್. ಬಾಕ್ಸಿನಲ್ಲಿ ಬರೆದದ್ದಕ್ಕೆ ವ್ಯಾಲ್ಯೂ ಎನ್ನುತ್ತಾರೆ. ಪೇಜಿನ ಹಿಂದೆ ನಾನು ಬರೆದ ಆಜ್ಞೆಗಳ ಸಾಲುಗಳು, ಅಂದರೆ ಸ್ಕ್ರಿಪ್ಟ್, ಅದನ್ನು ಓದಿಕೊಂಡು ಕಂಪ್ಯೂಟರಿನ ಧ್ವನಿಗೆ ಕೊಡಬೇಕು. ತಂಗಿ ಬೆವರಿಕೊಂಡು ‘ಹಲೋ’ ಎಂದು ಬರೆದು ಬಟನ್ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ನಾನು “ಹಲೋ ಅಂತ ಬರೆದಿದ್ದೀಯ” ಎಂದೆ. ನಾನೇ ಓದಿ ಹೇಳುವುದಾದರೆ ಪೇಜ್ ಯಾಕೆ ಬೇಕಿತ್ತು? ಅವಳು ಲ್ಯಾಪ್‌ಟಾಪನ್ನು ದೂರ ತಳ್ಳಿ ಕಣ್ಣು ಮುಚ್ಚಿಕೊಂಡಳು.

ಅದನ್ನು ಹೊತ್ತು ಮತ್ತೆ ಬಂಗಾರಪೇಟೆಗೆ ಹೋದೆ. ವ್ಯಾಲ್ಯೂ ಓದುವ ಸಾಲನ್ನು ನಾನು ಎಲ್ಲಕ್ಕಿಂತ ಮೇಲೆ ಬರೆದಿದ್ದೆ. ಪೇಜ್ ತೆರೆದ ಕೂಡಲೇ ಅದು ಒಮ್ಮೆ ಓದಿ ಮುಗಿಸುತ್ತದಂತೆ, ಆಮೇಲೆ ತಿರುಗಿಯೂ ನೋಡುವುದಿಲ್ಲವಂತೆ.

“ಅವ್ರು ಬರೆಯೋಕ್ ಮುಂಚೇನೇ ನೀವು ಓದ್ಬುಟ್ಟಿದ್ದೀರ ಮಿಸ್,” ಎಂದಳು ವಿದ್ಯಾರ್ಥಿನಿ. “ಖಾಲಿ ಬಾಕ್ಸು ಸಿಕ್ತು, ಅದನ್ನೇ ಇಟ್ಕೊಂಡು ಕೂತೈತೆ. ಬಟನ್ ಒತ್ತಿದ್ಮೇಲೆ ಓದ್ಬೇಕು. ನಾವಿಂಗ್ ಮಾಡಿದ್ರೆ ನೀವು ಬೆಂಚ್ ಮೇಲೆ ನಿಲ್ಲಿಸ್ತಿದ್ರಿ.”

ಆ ಒಂದು ಸಾಲನ್ನು ಕೆಳಗಿಳಿಸಿ, ಬಟನ್ನಿನ ಕೆಲಸದೊಳಗೆ ಸೇರಿಸಿದಳು. ಇಷ್ಟಕ್ಕೇ ಒಂದು ದಿನ ಹೋಯಿತು. ಟ್ರೇನಿನಲ್ಲಿ ನಿಂತೇ ಬಂದೆ.

ಮರುದಿನ ಬೆಳಿಗ್ಗೆ, ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಯ ಹುಡುಗಿ ಬಂದಳು. ತಂಗಿ ಹೇಗಿದ್ದಾರೆ ಎಂದು ಎಂದಿನಂತೆ ನನ್ನನ್ನೇ ಕೇಳಿದಳು. “ಪರವಾಗಿಲ್ಲಮ್ಮ, ಬೆಟರ್,” ಎಂದೆ ನಾನೂ, ಎಂದಿನಂತೆ. ಹಿಂದಿನಿಂದ ಟಕ್ ಟಕ್ ಸದ್ದು. ಇಬ್ಬರೂ ತಿರುಗಿ ಕಾದೆವು. ತಂಗಿ ಬಟನ್ ಒತ್ತಿದಳು.

“ಷೋಲ್ಡರ್ ಪೇನ್. ಟೂ ಮಂತ್ಸ್,” ಎಂದಿತು ಯಾರದೋ ಧ್ವನಿ.

ಆ ಎರಡು ತಿಂಗಳೂ ವಾರ ವಾರ ನಾನು ಬೆಟರ್ ಎಂದಿದ್ದೆ. ಹುಡುಗಿ ನನ್ನತ್ತ ನೋಡಲಿಲ್ಲ. ಸ್ಟೂಲನ್ನು ಎಳೆದುಕೊಂಡು ತಂಗಿಯ ಎದುರು ಕೂತಳು.

“ಯಾವ ಕಡೆ ಅಮ್ಮ?”

ನಾನು ಗೋಡೆಗೆ ಒರಗಿ ನಿಂತೆ. ಅಕ್ಷರ ಹುಡುಕಲು ತಂಗಿಗೆ ಬಹಳ ಹೊತ್ತು ಹಿಡಿಯಿತು.