ಕಂಬಳಿಯೊಳಗಿನ ಫಿಲ್ಮು

ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರಿಗೆ, ಮೊಬೈಲಿನಲ್ಲಿ ತೆಗೆದದ್ದನ್ನು ಫೋಟೋ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಅವರ ಬಳಿ ಅಗಲ ಫಿಲ್ಮಿನ ಎರಡು ಹಳೆಯ ಕ್ಯಾಮೆರಾಗಳಿದ್ದವು. ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಖರೇ ಫೋಟೋಕ್ಕ ತಾಳ್ಮಿ ಬೇಕ್ರಿ" ಎನ್ನುತ್ತಿದ್ದರು.

ಖಾನಾಪುರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಅವರೇ ಫೋಟೋಗ್ರಾಫರು. "ಯಾರೂ ಮೊಬೈಲ್ ತಗೀಬ್ಯಾಡ್ರಿ" ಎಂದು ಅಪ್ಪಣೆಯಾಯಿತು; ಬೀಗರೂ ಪಾಲಿಸಿದರು. ಉಂಗುರ ತೊಡಿಸುವ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟಿತು. ಅದರೊಳಗಿದ್ದದ್ದು ಬೆಳಗಾವಿಯ ಕೋಟೆಯ ಬಳಿ ಅರ್ಧ ಮುಗಿಸಿದ್ದ ರೋಲು, ಬೇರೆಯದನ್ನು ತಂದಿರಲಿಲ್ಲ. ಫಿಲ್ಮಿಗೆ ಬೆಳಕು ತಾಗದಂತೆ ಉರಿಬಿಸಿಲಲ್ಲಿ ಕಂಬಳಿ ಹೊದ್ದು ಕೂತು, ಆ ಕತ್ತಲಲ್ಲೇ ರೋಲನ್ನು ಹಿಂದಕ್ಕೆ ಸುತ್ತಿ ಎರಡನೆಯ ಕ್ಯಾಮೆರಾಕ್ಕೆ ಹಾಕಿದರು. ಅಕ್ಷತೆ ಹಿಡಿದ ಅಯ್ಯನವರ ಸಮೇತ ಇಡೀ ಬಳಗ ಕಂಬಳಿಯನ್ನೇ ನೋಡುತ್ತ ನಿಂತಿತು. ಒಳಗಿನಿಂದ "ತಾಳ್ಮಿ ಬೇಕ್ರಿ" ಎಂಬ ದನಿಯಷ್ಟೇ ಬರುತ್ತಿತ್ತು.

ಕೋಟೆಯ ಬಳಿ ಮೊದಲೇ ಚಿತ್ರ ಬಿದ್ದಿದ್ದ ಭಾಗವನ್ನು ಲೆನ್ಸ್ ಮುಚ್ಚಿಕೊಂಡು ದಾಟಿಸಬೇಕಿತ್ತಂತೆ. ಅದೊಂದನ್ನು ಮರೆತರು; ಹಳೆಯ ಚಿತ್ರಗಳ ಮೇಲೆಯೇ ಹೊಸವೂ ಬಿದ್ದವು.

ತೊಳೆದು ಬಂದ ಚಿತ್ರದಲ್ಲಿ ತಂಗಿಗೂ ವರನಿಗೂ ನಡುವೆ ಕೋಟೆಯ ಎಮ್ಮೆಯೊಂದು ಮೆಲುಕು ಹಾಕುತ್ತ ನಿಂತಿತ್ತು.

"ಇಂಥಾದ್ದು ಮೊಬೈಲ್‌ನಾಗ ಬರ್ತೈತೇನ್ರಿ?" ಎಂದರು ಹಿರಿಯರು.

ಬೇರೆ ಫೋಟೋವೇ ಇಲ್ಲದ್ದರಿಂದ ತಂಗಿ ಅದನ್ನೇ ಗಂಡನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ನಡುವೆ ನಿಂತದ್ದು ಯಾರೆಂದು ಬಂದವರು ಕೇಳಿದರೆ, "ಅವರು ನಮ್ಮ ಮನಿಯವರ ಕಡಿಯವರ್ರಿ" ಎನ್ನುತ್ತಾಳೆ.