ತೂಬಿಗೆ ಸಿಕ್ಕಿಕೊಂಡ ಉಣ್ಣೆ ಕಾಲುಚೀಲ

ಮೊಣಕಾಲಿನವರೆಗೆ ಏರುವ ಉಣ್ಣೆಯ ಕಾಲುಚೀಲವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ನನಗೆ ತಿಳಿಯದು. ತಿಳಿದಿದ್ದರೆ ಅವನನ್ನು ಹಿಡಿದು ತಂದು, ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ, ಮದ್ದೂರಿನಿಂದ ಬೆಸಗರಹಳ್ಳಿಗೆ ಹೋಗುವ ರಸ್ತೆಯಲ್ಲಿ ಅದನ್ನೇ ತೊಡಿಸಿ ನಿಲ್ಲಿಸುತ್ತಿದ್ದೆ. ಒಂದು ಗಳಿಗೆ ಸಾಕು. ಅವನ ಕಾಲು ಬೆಂದ ಗೆಣಸಾಗಿ, ಸಿಪ್ಪೆ ಸುಲಿದರೆ ತಿನ್ನಬಹುದಾದಷ್ಟು ಮೆತ್ತಗಾಗುತ್ತಿತ್ತು.

ಯುದ್ಧದ ಕಾಲದಲ್ಲಿ ನಾನು ನಾಲೆ ಆಫೀಸಿನಲ್ಲಿ ಹಂಗಾಮಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಸರು ಕೇಳಿ ಹೆದರಬೇಡಿ. ತೂಬಿನ ಬಾಗಿಲು ಎಷ್ಟು ಎತ್ತಿದೆ, ನೀರು ಅಳತೆಕಲ್ಲಿನ ಯಾವ ಗೆರೆಗೆ ನಿಂತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು, ಕೆಲಸ ಇಷ್ಟೇ. ಇದಕ್ಕೆ ಎರಡು ಕಣ್ಣು ಬೇಕು, ಒಂದು ಪೆನ್ಸಿಲ್ಲು ಬೇಕು. ಆದರೆ ಮೊದಲನೆಯ ದಿನವೇ ಹೆಡ್ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದ್ದು ನನ್ನ ಕಣ್ಣನ್ನಲ್ಲ, ಕಾಲನ್ನು.

"ಏನಯ್ಯಾ, ಬರೀ ಕಾಲಲ್ಲಿ ಬಂದಿದ್ದೀಯ? ಯಾರ ಗದ್ದೆ ನಾಟಿಗೆ ಹೊರಟೆ? ಖಾಕಿ ಚಡ್ಡಿ, ಬೂಟು, ಮೊಣಕಾಲುದ್ದ ಸ್ಟಾಕಿನ್ಸು. ಇಲ್ಲದಿದ್ದರೆ ಖಾಯಂ ಆಗೋ ಆಸೆ ಬಿಡು."

ಖಾಯಂ ಎಂಬ ಮಾತು ಕೇಳಿದರೆ ನಾನು ಕಾಲುಚೀಲವನ್ನಲ್ಲ, ಕುದುರೆಯ ಜೀನನ್ನು ಬೇಕಾದರೂ ತೊಡುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಸೊಂಟ ಹಿಡಿದುಕೊಂಡು ನನ್ನನ್ನು ಓದಿಸಿದ್ದಳು. ನಾನು ಖಾಯಂ ಆದ ದಿನದಿಂದ ಅವಳು ಕೂಲಿಗೆ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿ ಮುಗಿಸಿದ್ದಳು. ಹೇಳಿದ್ದು ಅವಳು, ಮಾತು ಉಳಿಸಬೇಕಾದವನು ನಾನು.

ಬ್ಲಫ್‌ನಲ್ಲಿ ಕರೆಂಟು ತಯಾರಿಸುವ ಕಾರ್ಖಾನೆಯ ಕೆಲಸಕ್ಕಿದ್ದ ನಮ್ಮ ಸೋದರಮಾವ ಒಂದು ಜೊತೆ ಕಾಲುಚೀಲ ತಂದುಕೊಟ್ಟ. ಅಲ್ಲಿಂದ ಊರಿಗೆ ಹೊರಟ ಬಿಳಿ ದೊರೆಯೊಬ್ಬ ಮನೆ ಸಾಮಾನು ಮಾರಿದಾಗ ಸಿಕ್ಕಿದ್ದಂತೆ.

"ಕುರ್ಚಿ, ಮೇಜು, ಎಲ್ಲಾ ಓಯ್ತು ಕಣ್ಲಾ ಅಳಿಯ. ಇದ್ಕೆ ಮಾತ್ರ ಯಾರೂ ಬರ್ನಿಲ್ಲ, ಅದ್ಕೆ ನಿಂಗೆ ತಂದೆ. ಗಟ್ಟಿ ಮಾಲು. ಊಟಿ ಚಳೀಗೆ ಅಂತ ಎಣ್ಸಿದ್ದಂತೆ."

ಊಟಿಯ ಚಳಿಗೆ ಹೆಣೆದದ್ದನ್ನು ನಾನು ಮದ್ದೂರಿನ ಬಿಸಿಲಿಗೆ ಹಾಕಿಕೊಂಡೆ. ಅವ್ವ ಬಾಗಿಲಲ್ಲೇ ತಡೆದಳು.

"ಇದ್ಯಾಕ್ಲಾ ಮಗ, ಕಾಲ್ಗೆ ಕಂಬ್ಳಿ ಸುತ್ಕಂಡಿದ್ದೀಯ? ಜರ ಬಂದದಾ?"

"ಡ್ರೆಸ್ಸು ಕಣವ್ವ."

"ಮ್ಯಾಲೆ ತೊಡೆ ಬುಟ್ಕಂಡು ಕೆಳಗೆ ಮುಚ್ಕೊಳದು ಅದ್ಯಾವ ಡ್ರೆಸ್ಸು? ಯಾವ್ದು ಮುಚ್ಬೇಕು ಅಂತ್ಲೂ ಗೊತ್ತಿಲ್ವಾ ನಿಮ್ ಆಪೀಸ್ನೋರ್ಗೆ?"

ಚೀಲ ಮೇಲಕ್ಕೆಳೆದುಕೊಂಡು ಆಫೀಸಿಗೆ ಹೊರಟೆ.

ಮೊದಲ ವಾರದಲ್ಲೇ ಮೊಣಕಾಲಿಂದ ಹಿಮ್ಮಡಿಯವರೆಗೆ ಬೆವರುಸಾಲೆ ಎದ್ದಿತು. ಕೆರೆಯೋಣವೆಂದರೆ ಉಗುರು ಉಣ್ಣೆಯನ್ನು ದಾಟುವುದಿಲ್ಲ. ಪೆನ್ಸಿಲ್ಲು ತೂರಿಸಿದೆ; ಅದು ಒಳಗೇ ಮುರಿದು, ಸಂಜೆಯವರೆಗೆ ಹಿಮ್ಮಡಿಗೆ ಚುಚ್ಚುತ್ತಿತ್ತು. ಅದಕ್ಕಿಂತ ದೊಡ್ಡ ಪೀಡೆ, ಚೀಲ ನಿಲ್ಲುತ್ತಿರಲಿಲ್ಲ. ಮೇಲೆ ಕಟ್ಟುವ ಎಲಾಸ್ಟಿಕ್ ಪಟ್ಟಿ ಯುದ್ಧದಿಂದಾಗಿ ಮಂಡ್ಯದಲ್ಲೂ ಇಲ್ಲ, ಮಳವಳ್ಳಿಯಲ್ಲೂ ಇಲ್ಲ. ಬಾಳೆನಾರು ಕಟ್ಟಿದೆ, ಕಾಲು ಜೋಮು ಹಿಡಿದು ತೂಬಿನ ಕಟ್ಟೆಯ ಮೇಲೆ ಕುಸಿದುಬಿದ್ದೆ. ಸೈಕಲ್ಲಿನ ಟ್ಯೂಬನ್ನೇ ಬಳೆಯ ಹಾಗೆ ಕತ್ತರಿಸಿ ಹಾಕಿಕೊಂಡೆ. ಚೀಲ ಗಟ್ಟಿಯಾಗಿ ನಿಂತಿತು. ಬುದ್ಧಿವಂತ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಹೊರಗೆ ಬಂದೆ. ಸೈಕಲ್ಲು ಹತ್ತೋಣವೆಂದರೆ ಟ್ಯೂಬು ನನ್ನ ಕಾಲಲ್ಲಿತ್ತು. ಆವತ್ತು ನಡೆದೇ ಹೋದೆ, ಚೀಲ ಮಾತ್ರ ಒಂದು ಅಂಗುಲವೂ ಜಾರಲಿಲ್ಲ.

ಒಂದು ದಿನ ರೋಸಿಹೋಗಿ, ನಾಲೆ ಏರಿಯ ಕೆಮ್ಮಣ್ಣು ಕಲಸಿ ಎರಡೂ ಕಾಲಿಗೆ ಮೊಣಕಾಲಿನವರೆಗೆ ಬಳಿದುಕೊಂಡೆ. ಮೇಲಿನ ಮಡಿಕೆಯ ಜಾಗದಲ್ಲಿ ಬೆರಳಿನಿಂದ ಎರಡು ಗೆರೆ ಎಳೆದೆ. ದೂರದಿಂದ ನೋಡಿದರೆ ಅಚ್ಚುಕಟ್ಟಾದ ಕಾಲುಚೀಲ, ತಣ್ಣಗೆ ಸುಖವಾಗಿತ್ತು. ಆಫೀಸಿಗೆ ಹೋಗುವಷ್ಟರಲ್ಲಿ ಬೆವರಿಳಿದು ಕಾಲುಚೀಲವೆಲ್ಲ ಬೂಟಿನೊಳಕ್ಕೆ ಹರಿದಿತ್ತು. ಹೆಡ್ ಗುಮಾಸ್ತರು ನೆಲದ ಮೇಲಿನ ಕೆಂಪು ಹೆಜ್ಜೆ ನೋಡಿ, "ಗಾಯ ಆಯ್ತೇನಯ್ಯಾ?" ಎಂದು ಗಾಬರಿಯಾದರು. ನಿಜ ತಿಳಿದ ಮೇಲೆ ನೆಲವನ್ನು ನನ್ನ ಕೈಲೇ ತೊಳೆಸಿದರು.

ಹೀಗೆ ವರ್ಷ ಕಳೆಯಿತು. ಬೇಸಿಗೆಯ ಒಂದು ಬೆಳಗ್ಗೆ, ಆವತ್ತೇ ಇಂಜಿನಿಯರ್ ಸಾಹೇಬರು ಬೆಸಗರಹಳ್ಳಿ ಹತ್ತಿರದ ನನ್ನ ತೂಬನ್ನು ತನಿಖೆ ಮಾಡಿ, ನನ್ನನ್ನು ಖಾಯಂ ಮಾಡುವುದೋ ಬಿಡುವುದೋ ತೀರ್ಮಾನಿಸುತ್ತಾರೆ ಎಂದು ಗೊತ್ತಾಯಿತು. ನಾರು ಕಟ್ಟಿದರೆ ಮಡಿಕೆ ಕೆಡುತ್ತದೆ. ಟ್ಯೂಬಿನ ಬಳೆಗಳು ಬಿಸಿಲಿಗೆ ಬಿರುಕುಬಿಟ್ಟು ಯಾವತ್ತೋ ಹರಿದುಹೋಗಿದ್ದವು. ಏನು ಮಾಡಲಿ ಎಂದು ಯೋಚಿಸುತ್ತ ಹೋಗುವಾಗ ದಾರಿಯಲ್ಲಿ ಆಲೆಮನೆ ಸಿಕ್ಕಿತು. ಕೊಪ್ಪರಿಗೆಯಿಂದ ಹೊಗೆಯಾಡುತ್ತಿತ್ತು. ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ಕಬ್ಬಿನಹಾಲೋ ಬಿಸಿಬೆಲ್ಲವೋ ಕೈಗಿಟ್ಟೇ ಕಳಿಸುತ್ತಾರೆ. ಬೆಲ್ಲ ಕಾಯಿಸುತ್ತಿದ್ದ ಗೌಡರು ಎಲೆಯ ಮೇಲೆ ಜೋನಿಬೆಲ್ಲ ಸುರಿದು ಕೊಟ್ಟರು. ನೆಕ್ಕಿದೆ. ಬೆರಳು ಬೆರಳಿಗೆ ಅಂಟಿಕೊಂಡಿತು. ಎಳೆದರೂ ಬಿಡಲೊಲ್ಲದು.

ಅಲ್ಲೇ ನನ್ನ ತಲೆಯಲ್ಲಿ ದೀಪ ಹೊತ್ತಿತು. ಅದು ಆರಿದ್ದರೆ ಚೆನ್ನಾಗಿತ್ತು.

"ಇನ್ನೊಸಿ ಕೊಡಿ ಗೌಡ್ರೇ."

"ತಿನ್ನು ಮಗ, ತಿನ್ನು. ಸರ್ಕಾರಿ ಕೆಲ್ಸ, ಸಕ್ತಿ ಬೇಕು."

ಅವರು ಅತ್ತ ತಿರುಗಿದ ಕೂಡಲೇ ಮೊಣಕಾಲಿನ ಕೆಳಗೆ ಸುತ್ತಲೂ ಬೆಲ್ಲ ಬಳಿದು, ಚೀಲ ಎಳೆದು ಒತ್ತಿದೆ. ಒಳ್ಳೆ ಗೋಡೆಗೆ ಅಂಟಿಸಿದ ಜಾಹೀರಾತಿನ ಹಾಗೆ ಕೂತಿತು! ಎದೆ ಉಬ್ಬಿಸಿಕೊಂಡು ತೂಬಿನ ಹತ್ತಿರ ಹೋದೆ.

ಅಲ್ಲಿ ನೀರು ಬಿಡುವ ನೀರುಗಂಟಿ ತಾತ ಪಂಚೆಯನ್ನು ಮೇಲಕ್ಕೆ ಕಟ್ಟಿ, ಮಂಡಿಯುದ್ದ ನೀರಿನಲ್ಲಿ ಎಮ್ಮೆಯಷ್ಟು ಸುಖವಾಗಿ ನಿಂತಿದ್ದ. ಸಾಹೇಬರು ಕಾರಿನಿಂದಿಳಿದು, ಮೊದಲು ನನ್ನ ಕಾಲು ನೋಡಿ, "ಹ್ಞೂಂ, ಸ್ಮಾರ್ಟ್" ಎಂದರು. ಜನ್ಮ ಸಾರ್ಥಕವಾಯಿತು. ಆಮೇಲೆ ಪುಸ್ತಕ ತೆಗೆದುಕೊಂಡು, ಒಂದೊಂದು ದಿನದ ಲೆಕ್ಕ ಓದುತ್ತ ಪ್ರಶ್ನೆ ಕೇಳತೊಡಗಿದರು. ನಾನು ಕೈ ಇಳಿಬಿಟ್ಟು ನೆಟ್ಟಗೆ ನಿಂತು ಉತ್ತರ ಹೇಳುತ್ತಿದ್ದೆ.

ಬಿಸಿಲು ಏರಿತು. ಬೆಲ್ಲ ಕರಗಿತು. ಮೊದಲು ಬಂದದ್ದು ನೊಣ, ಹಿಂದೆಯೇ ಕಟ್ಟಿರುವೆಯ ಸಾಲು. ಒಂದು ಕಚ್ಚಿತು, ತಡೆದುಕೊಂಡೆ. ಹತ್ತು ಕಚ್ಚಿದವು, ಹಲ್ಲು ಕಚ್ಚಿದೆ. ಚೀಲದೊಳಗೆ ಇಳಿದವಕ್ಕೆ ಹೊರಗೆ ಬರುವ ದಾರಿ ಬೆಲ್ಲದಿಂದ ಮುಚ್ಚಿಹೋಗಿತ್ತು. ಸಿಟ್ಟೆಲ್ಲ ನನ್ನ ಮೇಲೆ ತೀರಿಸಿಕೊಂಡವು.

"ಏನ್ರೀ ಅದು, ಯಾಕೆ ಕುಣೀತೀರಿ? ನಿನ್ನೆ ನೀರು ಎಷ್ಟಿತ್ತು?"

"ಮೂರಡೀ... ಅಯ್ಯಯ್ಯೋ... ಎರಡಂಗುಲ ಸಾರ್!"

ಅಷ್ಟರಲ್ಲಿ ಒಂದು ಜೇನುನೊಣ ಮೊಣಕಾಲಿನ ಮೇಲೆ ಕೂತು ಆಲೋಚನೆ ಮಾಡತೊಡಗಿತು. ಅದರ ತೀರ್ಮಾನಕ್ಕೆ ಕಾಯದೆ ಬೂಟಿನ ಸಮೇತ ನಾಲೆಗೆ ಹಾರಿದೆ. ನೀರು ತಗಲಿದ್ದೇ ತಡ, ಬೆಲ್ಲ ಬಿಟ್ಟುಕೊಂಡಿತು. ಒದ್ದಾಡಿ ಬೂಟು ಕಿತ್ತೆ, ಚೀಲ ಕಿತ್ತೆ. ಒಂದು ಚೀಲ ಕೈಲಿ ಉಳಿಯಿತು, ಇನ್ನೊಂದನ್ನು ತೂಬು ಸೊರಕ್ಕನೆ ಎಳೆದುಕೊಂಡಿತು.

ಉಣ್ಣೆ ನೀರು ಕುಡಿದು ಉಬ್ಬಿ, ಗದ್ದೆಗೆ ಹೋಗುವ ಕೊಳವೆಗೆ ಬಿರಡೆಯಾಯಿತು. ಕೆಳಗಿನ ಬಯಲಿನಿಂದ ಕೂಗು ಎದ್ದಿತು. "ಯಾವನ್ಲಾ ಅವ್ನು ನೀರ್ ನಿಲ್ಸಿದೋನು? ಬೀಜ ಚೆಲ್ಲಿದ್ದೀನಿ ಕಣ್ಲಾ ಇಲ್ಲಿ!"

ನೀರುಗಂಟಿ ತಾತ ಮುಳುಗಿ, ತೋಳುದ್ದ ಕೈ ಹಾಕಿ, ಕರುವನ್ನು ಎಳೆದ ಹಾಗೆ ಎಳೆದು, ಆ ಊಟಿಯ ಮಾಲನ್ನು ಸಾಹೇಬರ ಮುಂದೆ ಹಿಡಿದ.

"ಬುದ್ಧೀ, ನಮ್ಮಪ್ಪನ ಕಾಲ್ದಿಂದ ನೀರ್ ಬುಡ್ತಿವ್ನಿ. ಎಲೆ ಸಿಕ್ಕಾಕ್ಕಂಡದೆ, ಸತ್ತ ಆವು ಸಿಕ್ಕಾಕ್ಕಂಡದೆ. ಇಂತಾದ್ದು ನೋಡಿರ್ನಿಲ್ಲ. ಉಡ್ಗ ನೀರ್ ಸರ್ಯಾಗಿ ಅಳೀತಾನೆ ಬುದ್ಧಿ. ಅಳೆಯೋದು ಕಣ್ಣಲ್ವಾ? ಈ ಚೀಲ ಏನ್ ಅಳೀತದೆ?"

ಸಾಹೇಬರ ತುಟಿ ಒಂದು ಕ್ಷಣ ಅಲ್ಲಾಡಿತು. ನಕ್ಕಾರೇನೋ ಎಂದುಕೊಂಡೆ. ಅವರು ಪೆನ್ನು ತೆಗೆದು ಬರೆದರು: ಕೆಲಸ ತೃಪ್ತಿಕರ. ಉಡುಪು ಅತೃಪ್ತಿಕರ. ಖಾಯಂ ಮಾಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿದೆ. ತೂಬು ಕಟ್ಟಿದ ಬಗ್ಗೆ ಸಮಜಾಯಿಷಿ ಪಡೆಯತಕ್ಕದ್ದು.

ಒಂದು ವರ್ಷ ಒಂದು ಗೆರೆಯೂ ತಪ್ಪದೆ ಅಳೆದವನು ನಾನು. ಆ ಲೆಕ್ಕವೆಲ್ಲ ಒಂದು ಒದ್ದೆ ಕಾಲುಚೀಲದ ಕೆಳಗೆ ಮುಚ್ಚಿಹೋಯಿತು. ಮಾರನೆಯ ಬೆಳಗ್ಗೆ ಅವ್ವ ಎಂದಿನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಳೆ ಕೀಳುವುದಕ್ಕೆ ಹೊರಟಳು. ಬೈದಿದ್ದರೆ ಸಹಿಸುತ್ತಿದ್ದೆ.

ಇರುವೆ ಕಚ್ಚಿ ಉಬ್ಬಿದ ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಆಫೀಸಿಗೆ ಹೋದೆ. ಸಮಜಾಯಿಷಿಯಲ್ಲಿ ಉಡುಪಿನ ನಿಯಮವನ್ನು ನಮೂದಿಸಬೇಕೆಂದು ಹೆಡ್ ಗುಮಾಸ್ತರು ದಪ್ಪ ಪುಸ್ತಕವೊಂದನ್ನು ನನ್ನತ್ತ ತಳ್ಳಿದರು. ಓದಿದೆ. ಇನ್ನೊಮ್ಮೆ ಓದಿದೆ. ಚಡ್ಡಿ, ಬೂಟು, ಮೊಣಕಾಲುದ್ದದ ಕಾಲುಚೀಲ, ಎಲ್ಲ ಇತ್ತು. ಅದರ ಮುಂದೆ ಇದ್ದ ಎರಡು ಪದ: ಖಾಯಂ ನೌಕರರಿಗೆ.

"ಸ್ವಾಮೀ, ನಾನು ಹಂಗಾಮಿ!"

"ಹೌದು."

"ಹಂಗಾದ್ರೆ ಇದು ನಂಗೆ ಅಲ್ವೇ ಅಲ್ಲ! ವರ್ಷ ಪೂರ್ತಿ ಬೇಯಿಸಿದ್ರಲ್ಲ ನನ್ನ, ಒಂದು ಮಾತು ಹೇಳಬಾರದಿತ್ತಾ?"

ಹೆಡ್ ಗುಮಾಸ್ತರು ಸಿಟ್ಟಾಗಲಿಲ್ಲ. ಬಾಗಿ, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿದರು. ಕಾಲಿನ ಸುತ್ತ ದಾರ ಕಟ್ಟಿ ಕಟ್ಟಿ ಕರಿಗಟ್ಟಿದ ಗೆರೆ, ಎತ್ತಿನ ಕೊರಳಿನ ಗುರುತಿನ ಹಾಗಿತ್ತು.

"ಏಳು ವರ್ಷ ನಿನ್ನ ಹಾಗೇ ನಾಲೆ ಮೇಲೆ ಹಂಗಾಮಿಯಾಗಿದ್ದೆ ಕಣಯ್ಯಾ. ಏಳು ವರ್ಷವೂ ಹಾಕಿದ್ದೆ. ನನಗೆ ಯಾರು ಹೇಳಿದ್ದರು? ಈ ಪುಸ್ತಕ ಕೈಗೆ ಸಿಕ್ಕಿದ್ದೇ ಖಾಯಂ ಆಗಿ, ಪಂಚೆ ಉಟ್ಟು ಈ ಮೇಜಿಗೆ ಬಂದ ಮೇಲೆ."

ಜಗಳವಾಡಲು ಬಂದವನಿಗೆ ಎದುರಾಳಿಯೇ ಇಲ್ಲದಂತಾಯಿತು. ಇದ್ದ ಕೋಪವನ್ನೆಲ್ಲ ಕಾಗದದ ಮೇಲೆ ಇಳಿಸಿದೆ: ನಿಯಮದ ಪ್ರಕಾರ ಹಂಗಾಮಿ ನೌಕರನಿಗೆ ಕಾಲುಚೀಲ ಇರುವುದಿಲ್ಲ. ಇಲ್ಲದ ಕಾಲುಚೀಲವು ತೂಬಿಗೆ ಸಿಕ್ಕಿಕೊಳ್ಳಲು ಸಾಧ್ಯವಿಲ್ಲ. ಆದ್ದರಿಂದ ತೂಬು ಕಟ್ಟಿಕೊಂಡಿರುವುದಿಲ್ಲ.

ಹೆಡ್ ಗುಮಾಸ್ತರು ಓದಿ, ಕೆಮ್ಮಿ, ಮುದ್ರೆ ಒತ್ತಿ ಕಳಿಸಿದರು. ಅದಕ್ಕೆ ಉತ್ತರ ಬರಲೇ ಇಲ್ಲ.

ಆ ಆರು ತಿಂಗಳು ನಾನು ಬರಿಗಾಲಲ್ಲಿ, ಗಾಳಿಗೆ ಕಾಲು ಬಿಟ್ಟುಕೊಂಡು, ತಾತನ ಪಕ್ಕದಲ್ಲಿ ನೀರಿಗಿಳಿದು ಅಳೆದೆ. ಬೆವರುಸಾಲೆ ಒಣಗಿತು. ಆದರೆ ಸಂಜೆ ಮನೆಗೆ ಬಂದರೆ ಅವ್ವ ಸೊಂಟಕ್ಕೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡಿರುತ್ತಿದ್ದಳು. ನನ್ನ ಕಾಲಿನ ಸುಖಕ್ಕೆ ಅವಳ ಸೊಂಟ ಸುಂಕ ಕಟ್ಟುತ್ತಿತ್ತು.

ದೀಪಾವಳಿ ಕಳೆದ ಮೇಲೆ ಖಾಯಂ ಹುಕುಂ ಬಂತು. ಕೊನೆಯ ಸಾಲು: ನಿಯಮಾನುಸಾರ ಉಡುಪಿನೊಂದಿಗೆ. ಸಹಿ ಹಾಕಿ, ಪೆನ್ನು ಕೆಳಗಿಡುವ ಮೊದಲೇ ಮೊಣಕಾಲು ಕೆರೆದುಕೊಂಡೆ. ಅವ್ವನ ಮುಂದೆ ಕಾಗದ ಹಿಡಿದು ಆ ಸಾಲನ್ನು ಓದಿ, ಒಂದು ಗಂಟೆ ಕಾಲ ಕೂಗಾಡಿದೆ. ಇದು ಅನ್ಯಾಯ, ಇದು ಮೂರ್ಖತನ, ಚೈತ್ರ ಬರಲಿ, ನೋಡ್ಕೋತೀನಿ ಎಂದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ಆಕ್ಕಳ್ಲಾ ಮಗ. ಕಾಲ್ಗೆ ತಾನೆ ಚೀಲ ಆಕು ಅಂದವ್ರೆ? ಬಾಯ್ಗೆ ಇನ್ನೂ ಆಕ್ನಿಲ್ವಲ್ಲ. ಬೈಕಂಡೇ ಓಗು."

ಹಾಗೇ ಹೋಗುತ್ತಿದ್ದೇನೆ.