ಸ್ಪ್ಯಾನಿಷ್‌ನಲ್ಲಿ ಮರ್ಯಾದೆ ಕಲಿಸಿದ ಮೇಡಂ

ಬಂದರು ಆಸ್ಪತ್ರೆಯ ದುಭಾಷಿ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು, ಸ್ಪ್ಯಾನಿಷ್ ಆಡುವ ನಾವಿಕರಿಗೂ ನಮ್ಮ ವೈದ್ಯರಿಗೂ ನಡುವೆ ನಿಂತು, ಒಂದು ಮಾತನ್ನೂ ಹಿಗ್ಗಿಸದೆ ಕುಗ್ಗಿಸದೆ ದಾಟಿಸಿದ ನಮ್ಮ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಬ್ದ ಬಲ್ಲವರು ನಮ್ಮ ವೃತ್ತಿಯಲ್ಲಿ ಹಲವರಿದ್ದಾರೆ. ಯಾವ ಶಬ್ದ ಯಾರಿಗೆ ಸಲ್ಲುತ್ತದೆಂದು ಬಲ್ಲವರಲ್ಲಿ ಅವರೇ ಮೊದಲಿಗರು. ಅದನ್ನು ನಾನು ಕಲಿತದ್ದು ತಪ್ಪು ಮಾಡಿ.

ನಾನು ಸೇರಿದ ಎರಡನೆಯ ತಿಂಗಳು, ಗಾಯ ಮಾಯದೆ ಕಾಲು ಕೊಳೆಯತೊಡಗಿದ್ದ ವೃದ್ಧ ನಾವಿಕರೊಬ್ಬರು ದಾಖಲಾದರು. ನೋವು ತಾಳದೆ ದಾದಿಯ ಮೇಲೆ ಕೂಗಾಡುತ್ತಿದ್ದ ಅವರಿಗೆ ನಾನು, "ಸೇ ಎದುಕಾದೋ" ಎಂದುಬಿಟ್ಟೆ. ಸಭ್ಯವಾಗಿರು ಎಂದರ್ಥ, ಗೆಳೆಯರಿಗೆ, ಮಕ್ಕಳಿಗೆ ಹೇಳುವ ಸಲುಗೆಯ ರೂಪ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಎರಡು ದಿನ ಮೀರಿದರೆ ಜೀವಕ್ಕೇ ಅಪಾಯವೆಂದರು ವೈದ್ಯರು.

ಮೇಡಂ ನನ್ನನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

"ನಿಮ್ಮ ತಾತಂಗೆ 'ಏಯ್, ಮರ್ಯಾದೆಯಿಂದ ಇರು' ಅಂತೀಯಾ?"

"ಇಲ್ಲ ಮೇಡಂ. ಗೌರವ ಕೊಟ್ಟು 'ಸೇಆ ಎದುಕಾದೋ' ಅನ್ನಬೇಕಿತ್ತು."

"ಅದೂ ಬೇಡ. ನೋವಲ್ಲಿರೋರಿಗೆ ಬುದ್ಧಿ ಹೇಳೋಕೆ ನಾವ್ಯಾರು? ಹೋಗಿ ಕ್ಷಮೆ ಕೇಳು. ನೀನೇ ಕೇಳಬೇಕು, ನಾನು ಬರಲ್ಲ."

ಅಂದು ಮೂರು ಸಲ ಹೋದೆ. ಮೂರು ಸಲವೂ ಬೆನ್ನೇ ಕಂಡಿತು. "ಇನ್ನೊಂದ್ಸಲ" ಎಂದು ಮೇಡಂ ಪಟ್ಟು ಬಿಡದೆ ವಾಪಸು ಅಟ್ಟಿದರು. ಮರುದಿನ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು, "ಪೆರ್ದೋನೆ, ಸೆನ್ಯೋರ್" ಎಂದು ಕ್ಷಮೆ ಬೇಡಿ, ನಿಮಗೆ ಹೆದರಿಕೆಯಾಗಿದೆಯೆಂದು ನನಗೆ ಹೊಳೆಯಲಿಲ್ಲ ಎಂದೆ. ಅವರು ಮೆಲ್ಲಗೆ ಹೊರಳಿ ತಮ್ಮ ಭಾಷೆಯಲ್ಲಿ ಕೇಳಿದರು:

"ಕಾಲು ಎಲ್ಲೀವರೆಗೆ ತೆಗೀತಾರೆ? ಇದ್ದದ್ದು ಇದ್ದ ಹಾಗೆ ಹೇಳು."

ಮೊಣಕಾಲಿನವರೆಗೆ ಎಂದೆ. ಅವರು ಒಪ್ಪಿಗೆ ಪತ್ರಕ್ಕೆ ಕೈ ಚಾಚಿದರು.

ಅವರು ಬದುಕಿದರು. ನನ್ನ ಮಾತಿನ ಬಗೆಗಿನ ದೂರು ಮಾತ್ರ ಅಷ್ಟರಲ್ಲಿ ಆಡಳಿತಾಧಿಕಾರಿಯ ಮೇಜಿಗೆ ತಲುಪಿತ್ತು. ಹೊಸಬರನ್ನು ತೆಗೆದುಹಾಕಿ ಎಂದ ಅಧಿಕಾರಿಗೆ ಮೇಡಂ, "ಪಳಗದೋರನ್ನ ಒಂಟಿಯಾಗಿ ವಾರ್ಡಿಗೆ ಕಳಿಸಿದ್ದು ನಾನು. ತಪ್ಪು ನನ್ನ ಹೆಸರಲ್ಲಿ ಬರೀರಿ" ಎಂದರಂತೆ. ಆ ವರ್ಷ ಅವರಿಗೆ ಬಡ್ತಿ ತಪ್ಪಿತು. ಆರು ವರ್ಷಗಳ ಬಳಿಕ ಕಚೇರಿಯ ಗುಮಾಸ್ತರೊಬ್ಬರು ಇದನ್ನು ಬಾಯಿಬಿಟ್ಟಾಗ ಮೇಡಂ ಬಳಿ ಓಡಿಹೋಗಿ ಕೇಳಿದೆ. "ಕೆಲಸ ನೋಡು, ಹೋಗು" ಎಂದಷ್ಟೇ ಹೇಳಿದರು.

ಈಗ ಅವರು ದಾದಿಯರಿಗಾಗಿ ಸ್ಪ್ಯಾನಿಷ್ ಕೈಪಿಡಿಯೊಂದನ್ನು ಬರೆಯುತ್ತಿದ್ದಾರೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ, ಗಡುವಿನ ಸಮೇತ. ಮೇಡಂ ನೂರ್ಕಾಲ ಬಾಳಲಿ. ನಾನು ತಿದ್ದಿದ್ದನ್ನು ಮತ್ತೆ ತಿದ್ದುವಷ್ಟು ಕಣ್ಣು, ಕಸುವು, ಹಟ ಅವರಿಗೆ ಸದಾ ಇರಲಿ.